ಜಾಮೀನು ಯಾರ ಸೊತ್ತು?

ಬಳ್ಳಾರಿಯ ಗಣಿ ಮೊಕದ್ದಮೆಯಿಂದ ಮಲೆಸೀಮೆ ಕಲಿಯಬೇಕಾದ ಪಾಠ



2011ರ ಸೆಪ್ಟೆಂಬರ್ 5ರ ಬೆಳಿಗ್ಗೆ ಬಳ್ಳಾರಿ ನಗರದಲ್ಲಿ ಮಾಜಿ ಸಚಿವ ಗಾಲಿ ಜನಾರ್ದನ ರೆಡ್ಡಿ ಅವರನ್ನು ಸಿಬಿಐ ಬಂಧಿಸಿದಾಗ, ಬೆಟ್ಟಗುಡ್ಡಗಳ ಮೇಲೆ ಪ್ರೀತಿಯಿಟ್ಟ ಎಲ್ಲರೂ ನಿಟ್ಟುಸಿರು ಬಿಟ್ಟರು. ಅದು ಸಹಜವೇ ಆಗಿತ್ತು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2008ರ ಡಿಸೆಂಬರ್‌ನಲ್ಲಿಯೂ 2011ರ ಜುಲೈನಲ್ಲಿಯೂ ಸಲ್ಲಿಸಿದ ಎರಡು ವರದಿಗಳು, ಸಂಡೂರಿನ ಗುಡ್ಡಗಳ ಅದಿರು ಯಾವ ದಾರಿಯಲ್ಲಿ, ಯಾರ ಕೃಪೆಯಲ್ಲಿ ಬಂದರು ಸೇರುತ್ತಿತ್ತೆಂಬುದನ್ನು ನಾಡಿನ ಮುಂದೆ ಬಿಚ್ಚಿಟ್ಟಿದ್ದವು. ಬೇಲೆಕೇರಿಯಲ್ಲಿ ಮುಟ್ಟುಗೋಲು ಹಾಕಿದ ಅದಿರೇ ಮಾಯವಾದ ಕಥೆಯನ್ನು ಉತ್ತರ ಕನ್ನಡದವರು ಕಣ್ಣಾರೆ ಕಂಡಿದ್ದರು. ಅಪರಾಧಕ್ಕೆ ಕೊನೆಗಾದರೂ ಹೆಸರು ಸಿಕ್ಕಿತೆಂದು ಜನ ಭಾವಿಸಿದರು.

ಆದರೆ ಅಂದಿನಿಂದ ನಮ್ಮ ಸಭೆಗಳಲ್ಲಿ, ಕಾಲೇಜಿನ ಪಡಸಾಲೆಗಳಲ್ಲಿ, ಬಸ್‌ಸ್ಟ್ಯಾಂಡಿನ ಹೋಟೆಲುಗಳಲ್ಲಿ ಒಂದು ಮಾತು ಬೇರು ಬಿಡುತ್ತ ಬಂದಿದೆ. "ಇಂಥವರಿಗೆ ಜಾಮೀನೇಕೆ? ವಕೀಲರೇಕೆ? ಆರೋಪಿಯ ಹಕ್ಕುಗಳೆಂಬುದೆಲ್ಲ ದುಡ್ಡಿದ್ದವರು ತಪ್ಪಿಸಿಕೊಳ್ಳಲು ಮಾಡಿಕೊಂಡ ಕಿಂಡಿಗಳಲ್ಲವೇ?" ಎಂಬ ಮಾತದು. 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟು ರೆಡ್ಡಿಯವರಿಗೆ ಜಾಮೀನು ನೀಡಿದಾಗ ಅದು ಕೇಳಿಬಂತು. 2025ರ ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟು ಅವರ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಾಗ ಮತ್ತಷ್ಟು ಗಟ್ಟಿಯಾಯಿತು.

ಈ ಮಾತನ್ನು ನಾವು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕಾರಣ ಗಣಿಧಣಿಗಳ ಮೇಲಿನ ಮಮತೆಯಲ್ಲ. ಗಣಿಧಣಿಯನ್ನು ಕಾಯುವ ಹಕ್ಕೇ ನಾಳೆ ನಮ್ಮ ಸೌದೆ ಹೊರುವ ಹೆಂಗಸನ್ನು, ಧರಣಿ ಕೂತ ಹುಡುಗನನ್ನು, ಜೇನು ಕೀಳುವ ಸೋಲಿಗನನ್ನು ಕಾಯಬೇಕಾದ ಹಕ್ಕು. ಅದನ್ನು ಕಿಂಡಿಯೆಂದು ಹಳಿದು ಮುಚ್ಚಿಸಿದರೆ ಉಸಿರುಗಟ್ಟುವವರು ನಾವೇ. ನಮ್ಮ ಜಗಳ ಇರಬೇಕಾದುದು ಹಕ್ಕಿನ ಮೇಲಲ್ಲ, ಹಕ್ಕಿನ ಮಾರಾಟದ ಮೇಲೆ. ಇದನ್ನು ಬಳ್ಳಾರಿಯ ಮೊಕದ್ದಮೆಯಿಂದಲೇ ತೋರಿಸಬಹುದು.

ಮೊಕದ್ದಮೆ ನಡೆದ ಬಗೆ

ಓಬಳಾಪುರಂ ಗಣಿ ಕಂಪನಿಯ ವಿರುದ್ಧ ಸಿಬಿಐ ಮೊಕದ್ದಮೆ ದಾಖಲಿಸಿದ್ದು 2009ರ ಡಿಸೆಂಬರ್‌ನಲ್ಲಿ. ಬಂಧನವಾದದ್ದು 2011ರಲ್ಲಿ. ಜಾಮೀನು ಸಿಕ್ಕಿದ್ದು 2015ರ ಜನವರಿ 20ರಂದು, ಅಂದರೆ ಮೂರು ವರ್ಷ ನಾಲ್ಕು ತಿಂಗಳ ಸೆರೆವಾಸದ ಬಳಿಕ. ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯ ತೀರ್ಪು ನೀಡಿದ್ದು 2025ರ ಮೇ 6ರಂದು. ನಾಲ್ವರಿಗೆ ಏಳು ವರ್ಷಗಳ ಸಜೆಯಾಯಿತು. ಅದೇ ದಿನ, ಅದೇ ನ್ಯಾಯಾಲಯ ಇನ್ನಿಬ್ಬರು ಆರೋಪಿಗಳನ್ನು ದೋಷಮುಕ್ತರೆಂದು ಬಿಡುಗಡೆ ಮಾಡಿತು. ಜೂನ್ 11ರಂದು ಹೈಕೋರ್ಟು ರೆಡ್ಡಿಯವರ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ನೀಡಿತು.

ಈ ಕಾಲಗಣನೆಯಲ್ಲಿ ನಾಚಿಕೆಗೇಡಿನ ಸಂಗತಿ ಯಾವುದು? ಜಾಮೀನೇ? ಮೊಕದ್ದಮೆ ದಾಖಲಾಗಿ ತೀರ್ಪು ಬರಲು ಹದಿನೈದು ವರ್ಷ ಮಿಕ್ಕಿ ಹಿಡಿಯಿತಲ್ಲ, ಅದು ನಾಚಿಕೆಗೇಡು. 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಈ ವಿಳಂಬಕ್ಕೆ ತೀವ್ರ ಅಸಮಾಧಾನ ವ್ಯಕ್ತಪಡಿಸಿ, ದಿನಂಪ್ರತಿ ವಿಚಾರಣೆ ನಡೆಸಿ ಆರು ತಿಂಗಳಲ್ಲಿ ಮುಗಿಸಬೇಕೆಂದು ಆದೇಶಿಸಿತು. ಆಮೇಲೂ ಎರಡೂವರೆ ವರ್ಷ ಉರುಳಿತು. ಇಷ್ಟು ವರ್ಷ ವಿಚಾರಣೆಯಿಲ್ಲದೆ ಒಬ್ಬನನ್ನು ಸೆರೆಯಲ್ಲಿಡಬೇಕೆಂದು ಕೇಳುವವರು ವಾಸ್ತವವಾಗಿ ಕೇಳುತ್ತಿರುವುದು ತೀರ್ಪಿಲ್ಲದ ಶಿಕ್ಷೆಯನ್ನು. ಹಾಗೆ ಕೇಳಿದ್ದಿದ್ದರೆ, ಕೊನೆಗೆ ದೋಷಮುಕ್ತರಾದ ಆ ಇಬ್ಬರಿಗೆ ನಾವು ಯಾವ ಮುಖ ಹೊತ್ತು ಉತ್ತರ ಹೇಳುತ್ತಿದ್ದೆವು? ಆರೋಪಿಗಳೆಲ್ಲರೂ ಒಂದೇ ಎಂದು ಬೀದಿ ತೀರ್ಮಾನಿಸಬಹುದು. ಒಬ್ಬೊಬ್ಬರ ಮೇಲಿನ ಸಾಕ್ಷ್ಯವನ್ನು ಬೇರೆಬೇರೆಯಾಗಿ ತೂಗುವುದು ನ್ಯಾಯಾಲಯದ ಕೆಲಸ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. 2015ರ ಜಾಮೀನು ಬರಿಗೈಯ ಜಾಮೀನಾಗಿರಲಿಲ್ಲ. ಬಳ್ಳಾರಿ, ಅನಂತಪುರ ಮತ್ತು ಕಡಪ ಜಿಲ್ಲೆಗಳಿಗೆ ಕಾಲಿಡಕೂಡದೆಂಬ ಷರತ್ತನ್ನು ಸುಪ್ರೀಂ ಕೋರ್ಟು ಹಾಕಿತ್ತು. 2024ರ ಸೆಪ್ಟೆಂಬರ್ 30ರಂದು ಅದನ್ನು ಸಡಿಲಿಸುವವರೆಗೆ, ಅಂದರೆ ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ, ಬಳ್ಳಾರಿಯಲ್ಲಿ ಆಳಿದ ಮನುಷ್ಯ ಬಳ್ಳಾರಿಗೆ ಬರಲು ಪ್ರತಿಸಲವೂ ನ್ಯಾಯಾಲಯದ ಅಪ್ಪಣೆ ಕೇಳಬೇಕಾಯಿತು. ಸಾಕ್ಷಿಗಳನ್ನು ಬೆದರಿಸುವ ಭಯವಿದ್ದಲ್ಲಿ ಮಾಡಬೇಕಾದ್ದು ಇದನ್ನೇ. ಆರೋಪಿಯ ಸ್ವಾತಂತ್ರ್ಯವನ್ನು ಪೂರ್ತಿ ಕಸಿಯದೆ, ಸಾಕ್ಷಿಯ ಅಂಗಳಕ್ಕೆ ಬೇಲಿ ಹಾಕಬೇಕು. 2018ರಲ್ಲಿ ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಾಕ್ಷಿಗಳ ರಕ್ಷಣೆಗೆಂದೇ ಒಂದು ಯೋಜನೆಗೆ ಒಪ್ಪಿಗೆಯಿತ್ತು, ಅದನ್ನು ಎಲ್ಲ ರಾಜ್ಯಗಳೂ ಪಾಲಿಸಬೇಕೆಂದಿತು. ಅಕ್ರಮ ಗಣಿ, ಅಕ್ರಮ ಮರಳು, ಅಕ್ರಮ ನಾಟಾ ಪ್ರಕರಣಗಳಲ್ಲಿ ಸಾಕ್ಷಿ ಹೇಳಲು ಮುಂದೆ ಬರುವ ಬಡ ರೈತನಿಗೆ ಆ ಯೋಜನೆಯ ಲಾಭ ಸಿಗುತ್ತಿದೆಯೇ? ನಾವು ಕೂಗಿ ಕೇಳಬೇಕಾದ ಪ್ರಶ್ನೆ ಇದು.

ಹಕ್ಕು ಮಾರಾಟಕ್ಕೆ ಬಿದ್ದಾಗ

ಹಾಗಾದರೆ ಬಳ್ಳಾರಿ ಮೊಕದ್ದಮೆಯಲ್ಲಿ ಸಿಟ್ಟು ಮಾಡಬೇಕಾದದ್ದು ಏನೂ ಇಲ್ಲವೇ? ಖಂಡಿತ ಇದೆ. 2012ರ ಮೇ ತಿಂಗಳಿನಲ್ಲಿ ಹೈದರಾಬಾದಿನ ಸಿಬಿಐ ನ್ಯಾಯಾಲಯದಿಂದ ರೆಡ್ಡಿಯವರಿಗೆ ಒಮ್ಮೆ ಜಾಮೀನು ದೊರೆತಿತ್ತು. ಆ ಜಾಮೀನಿಗಾಗಿ ಕೋಟಿಗಟ್ಟಲೆ ಹಣ ಕೈಬದಲಾಯಿಸಿದೆಯೆಂಬ ಆರೋಪ ಎದ್ದಿತು, ಆದೇಶ ನೀಡಿದ ನ್ಯಾಯಾಧೀಶರನ್ನು ಆಂಧ್ರಪ್ರದೇಶ ಹೈಕೋರ್ಟು ಅದೇ ತಿಂಗಳ 31ರಂದು ಅಮಾನತುಗೊಳಿಸಿತು, ಜಾಮೀನು ರದ್ದಾಯಿತು. ಆ ಆರೋಪವೂ ಒಂದು ಆರೋಪವೇ, ಅದರ ಆರೋಪಿಗಳಿಗೂ ಇದೇ ಹಕ್ಕುಗಳಿವೆ. ಆದರೆ ಇಂಥದೊಂದು ಅನುಮಾನ ಹುಟ್ಟಬಹುದಾದ ವ್ಯವಸ್ಥೆಯಲ್ಲಿ ಬಡವನ ಸ್ಥಿತಿ ಏನೆಂದು ಯೋಚಿಸಿ. ಜಾಮೀನೆಂಬುದು ಕೊಳ್ಳುವ ಸರಕಾದರೆ, ಕೊಳ್ಳಲಾರದವನ ಪಾಲಿಗೆ ಸಂವಿಧಾನದ 21ನೇ ವಿಧಿ ಗೋಡೆಯ ಮೇಲಿನ ಕ್ಯಾಲೆಂಡರು ಮಾತ್ರ.

ಈಗ ರೆಡ್ಡಿಯವರ ನಗರದಿಂದ ಸ್ವಲ್ಪ ಈಚೆಗೆ ಬನ್ನಿ. ಬಳ್ಳಾರಿಯಿಂದ ಐವತ್ತು ಕಿಲೋಮೀಟರಿಗೂ ಮಿಕ್ಕಿ ದೂರದ ಸಿರುಗುಪ್ಪದಲ್ಲಿ ತುಂಗಭದ್ರೆಯ ನೀರುಂಡ ಭತ್ತದ ಗದ್ದೆಗಳಿವೆ. ಆ ಗದ್ದೆಗಳಲ್ಲಿ ಸ್ವಂತ ಗುಂಟೆ ನೆಲವಿಲ್ಲದ ಕೂಲಿಯವರಿದ್ದಾರೆ. ಕುರುಗೋಡಿನ ಸುತ್ತ ಕಲ್ಲುಗುಡ್ಡಗಳಿವೆ, ಕಲ್ಲೊಡೆದು ಬದುಕುವವರಿದ್ದಾರೆ. ಹಗರಿಯ ಮರಳು ಹೇರಿದ ಟ್ರ್ಯಾಕ್ಟರನ್ನು ರಾತ್ರಿ ಹಿಡಿದರೆಂದುಕೊಳ್ಳಿ. ಸಿಕ್ಕಿಬೀಳುವವನು ಯಾರು? ದಿನಗೂಲಿಯ ಚಾಲಕ ಮತ್ತು ಬುಟ್ಟಿ ಎತ್ತಿದ ಆಳು. ಮರಳಿನ ಒಡೆಯ ಆ ಹೊತ್ತಿಗೆ ಮನೆಯಲ್ಲಿ ಮಲಗಿರುತ್ತಾನೆ. 2014ರಲ್ಲಿ ಸಂಜಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನದಿಯ ಮರಳನ್ನು ಕದ್ದವರ ಮೇಲೆ ಗಣಿ ಕಾಯ್ದೆಯ ಜೊತೆಗೆ ಕಳ್ಳತನದ ಮೊಕದ್ದಮೆಯನ್ನೂ ಹೂಡಬಹುದೆಂದು ಹೇಳಿತು. ನದಿಗಳ ದೃಷ್ಟಿಯಿಂದ ಅದು ಸ್ವಾಗತಾರ್ಹ ತೀರ್ಪು. ಆದರೆ ಆ ತೀರ್ಪಿನ ಭಾರ ಒಡೆಯನ ಹೆಗಲಿಗೆ ಬೀಳದೆ ಆಳಿನ ಹೆಗಲಿಗೇ ಬಿದ್ದರೆ ನದಿಯೂ ಉಳಿಯುವುದಿಲ್ಲ, ಆಳೂ ಉಳಿಯುವುದಿಲ್ಲ.

ಆ ಆಳಿಗೆ ನ್ಯಾಯಾಧೀಶರು ಜಾಮೀನು ಕೊಟ್ಟರೂ ಬಿಡುಗಡೆ ಸುಲಭವಲ್ಲ. ಜಾಮೀನುದಾರ ಬೇಕು. ಜಾಮೀನುದಾರನಿಗೆ ಪಹಣಿ ಬೇಕು. ಪಹಣಿಯಿದ್ದವನು ಕೂಲಿಯವನಿಗಾಗಿ ತನ್ನ ಹೊಲವನ್ನು ಒತ್ತೆಯಿಟ್ಟು ಕೋರ್ಟಿನ ಕಟ್ಟೆ ಹತ್ತಬೇಕು. ಹಾಗೆ ಹತ್ತುವವರು ಸಿಗದಿದ್ದರೆ, ಆದೇಶದ ಕಾಗದ ಕೋರ್ಟಿನಲ್ಲಿ, ಮನುಷ್ಯ ಬಳ್ಳಾರಿಯ ಕಾರಾಗೃಹದಲ್ಲಿ. ಗುಳೆ ಹೋದವರ ಪಾಡು ಇನ್ನೂ ಕಷ್ಟ. ಬಯಲುಸೀಮೆಯಿಂದ ನಮ್ಮ ಕಾಫಿ ತೋಟ, ಅಡಿಕೆ ತೋಟಗಳಿಗೆ ದುಡಿಯಲು ಬಂದವನೊಬ್ಬ ಇಲ್ಲಿ ಬಂಧನಕ್ಕೊಳಗಾದರೆ ಅವನ ನೆಂಟರೆಲ್ಲ ಬೇರೆ ಜಿಲ್ಲೆಯವರು.

ಇದಕ್ಕೆ ಕಾನೂನಿನಲ್ಲಿ ಉತ್ತರವಿಲ್ಲವೆಂದಲ್ಲ. 1978ರಲ್ಲೇ ಮೋತಿರಾಂ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಉತ್ತರ ಕೊಟ್ಟಿದ್ದಾರೆ. ಮಧ್ಯಪ್ರದೇಶದ ಒಬ್ಬ ಬಡ ಗಾರೆ ಕೆಲಸದವನಿಂದ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿದ್ದರು. ಜಾಮೀನಿಗೆ ನಿಂತ ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ತಿರಸ್ಕರಿಸಿದ್ದರು. ಸುಪ್ರೀಂ ಕೋರ್ಟು ಎರಡನ್ನೂ ತಪ್ಪೆಂದಿತು. ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಬೇಕೆಂದಿತು. ಅದರ ಮರುವರ್ಷ, 1979ರಲ್ಲಿ, ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದವರ ಕಥೆ ಹೊರಬಿದ್ದು, ಶೀಘ್ರ ವಿಚಾರಣೆಯೂ ಬದುಕುವ ಹಕ್ಕಿನ ಭಾಗವೆಂದು ಅದೇ ನ್ಯಾಯಾಲಯ ಸಾರಿತು.

ನಾಲ್ಕು ದಶಕ ಕಳೆದ ಮೇಲೆ ಲೆಕ್ಕ ಹೇಗಿದೆ? ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರು ಅಪರಾಧಿಗಳೆಂದು ಯಾವ ನ್ಯಾಯಾಲಯವೂ ಹೇಳಿರಲಿಲ್ಲ. "ಆರೋಪಿಗಳಿಗೆ ಹಕ್ಕು ಜಾಸ್ತಿಯಾಯಿತು" ಎನ್ನುವವರು ಈ ಅಂಕಿಗಳ ಮುಂದೆ ಒಂದು ಕ್ಷಣ ನಿಲ್ಲಲಿ.

2024ರ ಆಗಸ್ಟ್ ಕೊನೆಯಲ್ಲಿ ನಟ ದರ್ಶನ್ ಅವರನ್ನು ಬೆಂಗಳೂರಿನಿಂದ ಬಳ್ಳಾರಿ ಕೇಂದ್ರ ಕಾರಾಗೃಹಕ್ಕೆ ತಂದಾಗ ನಾಡಿನ ಕ್ಯಾಮೆರಾಗಳೆಲ್ಲ ಆ ಜೈಲಿನ ಬಾಗಿಲಲ್ಲಿ ನೆರೆದವು. ಅವರು ಏನು ತಿಂದರು, ಏನು ತೊಟ್ಟರು ಎಂಬುದೆಲ್ಲ ಸುದ್ದಿಯಾಯಿತು. ಅದೇ ಗೋಡೆಯ ಒಳಗೆ ಜಾಮೀನುದಾರ ಸಿಗದೆ ಕುಳಿತವರಿದ್ದಾರೆಯೇ ಎಂದು ಆ ಕ್ಯಾಮೆರಾಗಳು ಕೇಳಲಿಲ್ಲ. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟು ದರ್ಶನ್ ಅವರ ಜಾಮೀನನ್ನು ರದ್ದುಪಡಿಸುತ್ತ, ಖ್ಯಾತಿ ಯಾರನ್ನೂ ಕಾನೂನಿಗಿಂತ ಮೇಲಕ್ಕೆ ಏರಿಸುವುದಿಲ್ಲ ಎಂಬರ್ಥದ ಮಾತು ಹೇಳಿತು, ಜೈಲಿನಲ್ಲಿ ವಿಶೇಷ ಸತ್ಕಾರ ಕೂಡದೆಂದು ಎಚ್ಚರಿಸಿತು. ಸರಿಯಾದ ಮಾತು. ಅದರ ಇನ್ನರ್ಧವನ್ನೂ ನಾವು ಸೇರಿಸೋಣ: ಹೆಸರಿಲ್ಲದಿರುವಿಕೆ ಯಾರನ್ನೂ ಕಾನೂನಿನ ರಕ್ಷಣೆಯಿಂದ ಕೆಳಕ್ಕೆ ತಳ್ಳಕೂಡದು.

ನಾಳೆ ಆರೋಪಿ ಯಾರು?

ಬಳ್ಳಾರಿಯ ಜೈಲಿಗೆ ಇತಿಹಾಸವೂ ಇದೆ. 1921ರ ಮಲಬಾರ್ ಬಂಡಾಯದ ನಂತರ ಮಾಪಿಳ್ಳೆ ಕೈದಿಗಳನ್ನು ತಂದು ತುಂಬಿದ್ದು ಬಳ್ಳಾರಿಯಲ್ಲಿ. ಮುಂದೆ ಸತ್ಯಾಗ್ರಹಿಗಳನ್ನು ಇಟ್ಟದ್ದು ಅಲ್ಲಿನ ಅಲಿಪುರ ಜೈಲಿನಲ್ಲಿ. ಅಂದಿನ ಸರಕಾರದ ಕಡತಗಳಲ್ಲಿ ಅವರೆಲ್ಲ ಅಪರಾಧಿಗಳೇ. ಸರಕಾರ ಯಾರನ್ನು ಅಪರಾಧಿಯೆಂದು ಕರೆಯುತ್ತದೆ ಎಂಬುದು ಕಾಲಕಾಲಕ್ಕೆ ಬದಲಾಗುತ್ತದೆ. ಆದ್ದರಿಂದಲೇ ಸಂವಿಧಾನ ಬರೆದವರು, ತಾವೂ ಸೆರೆಮನೆ ಕಂಡವರಾಗಿ, 20, 21 ಮತ್ತು 22ನೇ ವಿಧಿಗಳನ್ನು ಮೂಲಭೂತ ಹಕ್ಕುಗಳ ಅಧ್ಯಾಯದಲ್ಲೇ ಇಟ್ಟರು.

ಮಲೆಯ ಮಕ್ಕಳಿಗೆ ಇದು ಪುಸ್ತಕದ ಮಾತಲ್ಲ. 2012ರ ಮಾರ್ಚ್‌ನಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನ ಕುತ್ಲೂರಿನಲ್ಲಿ ಮಲೆಕುಡಿಯ ಸಮುದಾಯದ ಒಬ್ಬ ಪತ್ರಿಕೋದ್ಯಮ ವಿದ್ಯಾರ್ಥಿಯನ್ನೂ ಅವನ ತಂದೆಯನ್ನೂ ನಕ್ಸಲ್ ನಂಟಿನ ಆರೋಪದ ಮೇಲೆ ಬಂಧಿಸಿದರು. ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ ಹೇರಿದರು. ಮನೆಯಲ್ಲಿ ಸಿಕ್ಕ ಸಾಕ್ಷ್ಯಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕ, ಪತ್ರಿಕೆಯ ತುಣುಕುಗಳು, ಊರಿಗೆ ಸೌಲಭ್ಯ ಸಿಗುವವರೆಗೆ ಚುನಾವಣೆ ಬಹಿಷ್ಕರಿಸಬೇಕೆಂಬ ಪತ್ರ ಸೇರಿದ್ದವು. ಆ ಹುಡುಗನಿಗೆ ಕೈಕೋಳ ತೊಡಿಸಿದ ಸುದ್ದಿ ನಾಡಿನಾದ್ಯಂತ ಪ್ರತಿಭಟನೆಗೆ ಕಾರಣವಾಯಿತು. 1980ರಲ್ಲೇ ಪ್ರೇಮಶಂಕರ ಶುಕ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾರಣವಿಲ್ಲದೆ ಕೈಕೋಳ ತೊಡಿಸುವುದು ಸಂವಿಧಾನಬಾಹಿರವೆಂದು ಹೇಳಿತ್ತು. ಮೂವತ್ತೆರಡು ವರ್ಷ ಕಳೆದರೂ ಆ ತೀರ್ಪು ಬೆಳ್ತಂಗಡಿಯ ಘಟ್ಟ ಹತ್ತಿರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ತಂದೆ ಮಗ ಇಬ್ಬರನ್ನೂ ದೋಷಮುಕ್ತಗೊಳಿಸಿತು. ಪುಸ್ತಕ ಇಟ್ಟುಕೊಳ್ಳುವುದು ಅಪರಾಧವಲ್ಲವೆಂದು ಸಾಬೀತಾಗಲು ಒಂಬತ್ತು ವರ್ಷ ಬೇಕಾಯಿತು.

"ಇಂಥವರಿಗೆ ಹಕ್ಕೇಕೆ" ಎಂಬ ಮಾತು 2012ರಲ್ಲಿ ಆ ಹುಡುಗನ ಬಗ್ಗೆಯೂ ಕೇಳಿಬಂದಿರಲಿಲ್ಲವೇ? ಗಣಿ ಆರೋಪಿಯ ವಿಷಯದಲ್ಲಿ ನಾವು ಬಳಸುವ ಕತ್ತಿಯನ್ನೇ ಬೇರೆಯವರು ನಮ್ಮ ಹುಡುಗರ ಮೇಲೆ ಬೀಸುತ್ತಾರೆ. ಕತ್ತಿಗೆ ಕೊರಳಿನ ಗುರುತಿರುವುದಿಲ್ಲ.

ವಿದ್ಯಾರ್ಥಿ ಮಿತ್ರರು ಇನ್ನೊಂದು ಘಟನೆಯನ್ನು ನೆನಪಿಡಬೇಕು. 2020ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ವಹಿಸಕೂಡದೆಂದು ಅಲ್ಲಿನ ವಕೀಲರ ಸಂಘ ನಿರ್ಣಯ ಮಾಡಿತು. ಕರ್ನಾಟಕ ಹೈಕೋರ್ಟು ಅದನ್ನು ಕಟುವಾಗಿ ಟೀಕಿಸಿತು, ಮುಂದೆ ಬಂದ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಿಸಿತು. ಇಂಥ ನಿರ್ಣಯಗಳು ಸಂವಿಧಾನಕ್ಕೆ ವಿರುದ್ಧವೆಂದು, ಅವಕ್ಕೆ ಬೆಲೆಯೇ ಇಲ್ಲವೆಂದು ಮೊಹಮ್ಮದ್ ರಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿಯಾಗಿತ್ತು. ವಕೀಲನನ್ನು ತಡೆಯುವುದೆಂದರೆ ತೀರ್ಪನ್ನು ಮೊದಲೇ ಬರೆಯುವುದು.

ಎದುರುವಾದಕ್ಕೆ ಉತ್ತರ

ಕೆಲವರು ಕೇಳಬಹುದು: "ಬೆಟ್ಟವನ್ನೇ ನುಂಗಿದ ಆರೋಪಕ್ಕೂ ಹೊರೆ ಸೌದೆಯ ಆರೋಪಕ್ಕೂ ಒಂದೇ ತಕ್ಕಡಿಯೇ?" ಪ್ರಶ್ನೆ ನ್ಯಾಯವಾದದ್ದು. ಆರ್ಥಿಕ ಅಪರಾಧಗಳು ಬೇರೆಯೇ ವರ್ಗಕ್ಕೆ ಸೇರಿದವು, ಅವುಗಳಲ್ಲಿ ಜಾಮೀನಿನ ಪ್ರಶ್ನೆಯನ್ನು ಬೇರೆ ದೃಷ್ಟಿಯಿಂದ ನೋಡಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿ ಜಗನ್‌ಮೋಹನ ರೆಡ್ಡಿ ಪ್ರಕರಣದಲ್ಲಿ ಹೇಳಿದ್ದುಂಟು. ಆದರೆ 2019ರಲ್ಲಿ ಚಿದಂಬರಂ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಆರೋಪ ಗುರುತರವಾದುದೆಂಬ ಒಂದೇ ಕಾರಣಕ್ಕೆ ಪ್ರತಿ ಪ್ರಕರಣದಲ್ಲೂ ಜಾಮೀನು ನಿರಾಕರಿಸಬೇಕೆಂಬ ನಿಯಮವಿಲ್ಲವೆಂದು ಸ್ಪಷ್ಟಪಡಿಸಿತು. ಆರೋಪಿ ಓಡಿಹೋಗುವನೇ, ಸಾಕ್ಷ್ಯ ಕೆಡಿಸುವನೇ ಎಂಬುದೇ ಮುಖ್ಯ. ಹಣಬಲ, ತೋಳ್ಬಲವುಳ್ಳವನು ಸಾಕ್ಷ್ಯ ಕೆಡಿಸುವ ಸಂಭವ ಹೆಚ್ಚಾದರೆ ಅವನಿಗೆ ಷರತ್ತೂ ಬಿಗಿಯಾಗಲಿ. ತಕ್ಕಡಿ ಒಂದೇ ಇರಲಿ, ತೂಗುವ ವಸ್ತುವಿನ ಭಾರ ಮಾತ್ರ ಬೇರೆಯಾಗಲಿ.

ಇನ್ನು ಕೆಲವರು, "ತಪ್ಪಿತಸ್ಥನ ಬಾಯಿ ಬಿಡಿಸಲು ನಾಲ್ಕೇಟು ಕೊಟ್ಟರೆ ತಪ್ಪೇನು?" ಎನ್ನುತ್ತಾರೆ. ಮಂಪರು ಪರೀಕ್ಷೆಯೇ ಸತ್ಯದ ಯಂತ್ರವೆಂದು ನಂಬಿದ್ದ ಕಾಲವೊಂದಿತ್ತು. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ, ನಮ್ಮ ರಾಜ್ಯದಿಂದಲೇ ಹೋದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಮಂಪರು, ಸುಳ್ಳುಪತ್ತೆ, ಮಿದುಳು ತಪಾಸಣೆಗಳನ್ನು ಮಾಡಕೂಡದೆಂದು ತೀರ್ಪಿತ್ತಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ. ಏಟು ತಿಂದವನು ಸತ್ಯ ಹೇಳುವುದಿಲ್ಲ, ಏಟು ನಿಲ್ಲಿಸುವ ಮಾತು ಹೇಳುತ್ತಾನೆ. ಹಾಗೆ ಹೇಳಿಸಿದ ಮಾತಿನಿಂದ ಮುಗಿದ ಪ್ರಕರಣದಲ್ಲಿ ನಿಜವಾದ ಕಳ್ಳ ಹೊರಗೇ ಉಳಿಯುತ್ತಾನೆ.

ಪ್ರತಿ ಮನೆಯೂ ತಿಳಿದಿರಬೇಕಾದದ್ದು

2024ರ ಜುಲೈ 1ರಿಂದ ಹಳೆಯ ದಂಡಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದೆ. ಕಲಮುಗಳ ಸಂಖ್ಯೆ ಬದಲಾಗಿದೆ. ಮುಖ್ಯ ಹಕ್ಕುಗಳು ಉಳಿದಿವೆ. ಇವನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿ.

1. ಏಳು ವರ್ಷದವರೆಗಿನ ಸಜೆಯ ಅಪರಾಧಗಳಲ್ಲಿ ಬಂಧನ ಕಡ್ಡಾಯವಲ್ಲ. ಮೊದಲು 35ನೇ ಕಲಮಿನ ನೋಟೀಸು ಕೊಟ್ಟು ಹಾಜರಾಗಲು ಹೇಳಬಹುದು. ಬಂಧಿಸಲೇಬೇಕೆಂದರೆ ಅಧಿಕಾರಿ ಕಾರಣ ಬರೆಯಬೇಕು. ಇದು 2014ರ ಅರ್ನೇಶ್ ಕುಮಾರ್ ತೀರ್ಪಿನ ತಿರುಳು. ನೋಟೀಸು ಬಂದರೆ ಮಾತ್ರ ತಪ್ಪದೆ ಹಾಜರಾಗಬೇಕು.

2. ಬಂಧನದ ಕಾರಣವನ್ನು ತಿಳಿಸಲೇಬೇಕು. 2025ರ ಫೆಬ್ರುವರಿಯ ವಿಹಾನ್ ಕುಮಾರ್ ತೀರ್ಪು ಇದನ್ನು ಗಟ್ಟಿಗೊಳಿಸಿತು. 2025ರ ನವೆಂಬರ್ 6ರ ಮಿಹಿರ್ ರಾಜೇಶ್ ಶಾ ತೀರ್ಪು, ಎಲ್ಲ ಅಪರಾಧಗಳಲ್ಲೂ ಕಾರಣವನ್ನು ಬರಹದಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದಿತು. ಕನ್ನಡದಲ್ಲಿ ಕೇಳಿ.

3. ಪೊಲೀಸರಾಗಲಿ ಅರಣ್ಯ ಇಲಾಖೆಯವರಾಗಲಿ, ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ರೇಂಜ್ ಆಫೀಸಿನಲ್ಲಿ ಎರಡು ದಿನ ಕೂರಿಸುವುದಕ್ಕೆ ಕಾನೂನಿನ ಬೆಂಬಲವಿಲ್ಲ.

4. ಡಿ.ಕೆ. ಬಸು ಪ್ರಕರಣದ 1996ರ ತೀರ್ಪಿನಂತೆ, ಬಂಧಿಸುವವರು ಹೆಸರಿನ ಪಟ್ಟಿ ಧರಿಸಿರಬೇಕು, ಬಂಧನದ ಪಂಚನಾಮೆಗೆ ಮನೆಯವರ ಅಥವಾ ಊರಿನವರೊಬ್ಬರ ಸಹಿ ಪಡೆಯಬೇಕು, ಬಂಧುಗಳಿಗೆ ಸುದ್ದಿ ಮುಟ್ಟಿಸಬೇಕು, 48 ಗಂಟೆಗೊಮ್ಮೆ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು.

5. ಕಾಡಿನ ಪ್ರಕರಣಗಳಲ್ಲಿ ವಿಶೇಷ ಎಚ್ಚರ ಬೇಕು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಆದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 50ನೇ ಕಲಮಿನ ಪ್ರಕಾರ, ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಅಥವಾ ಮೇಲಿನ ದರ್ಜೆಯವರು ಆರೋಪಿಯ ಸಮ್ಮುಖದಲ್ಲಿ ಬರೆದುಕೊಂಡ ಸಾಕ್ಷ್ಯವನ್ನು ಮುಂದೆ ವಿಚಾರಣೆಯಲ್ಲಿ ಬಳಸಬಹುದು. ಓದದೆ, ಓದಿಸಿಕೊಳ್ಳದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ.

6. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಸೆರೆಯಲ್ಲಿರುವ ಯಾರೇ ಆಗಲಿ, ಕಾನೂನು ಸೇವೆಗಳ ಪ್ರಾಧಿಕಾರಗಳ 1987ರ ಕಾಯ್ದೆಯಂತೆ ಉಚಿತ ವಕೀಲರಿಗೆ ಅರ್ಹರು. ಮೊದಲ ದಿನವೇ ಮ್ಯಾಜಿಸ್ಟ್ರೇಟರಲ್ಲಿ ಕೇಳಿ. ಸಹಾಯವಾಣಿ 15100.

7. ಸಾಮಾನ್ಯ ಪ್ರಕರಣಗಳಲ್ಲಿ 60 ದಿನ, ಗುರುತರ ಪ್ರಕರಣಗಳಲ್ಲಿ 90 ದಿನದೊಳಗೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗದಿದ್ದರೆ ಜಾಮೀನು ಹಕ್ಕಾಗಿ ಬರುತ್ತದೆ. ಆದರೆ ಪಟ್ಟಿ ಸಲ್ಲಿಕೆಯಾಗುವ ಮುನ್ನವೇ ಅರ್ಜಿ ಹಾಕಬೇಕು. ದಿನ ಎಣಿಸುವ ಕೆಲಸ ಊರಿನವರದ್ದು.

8. 479ನೇ ಕಲಮಿನಂತೆ, ಮರಣದಂಡನೆ ಅಥವಾ ಜೀವಾವಧಿಯ ಅಪರಾಧಗಳನ್ನು ಬಿಟ್ಟು, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಅವಧಿಯನ್ನು ವಿಚಾರಣಾಧೀನರಾಗಿ ಕಳೆದವರು ಬಿಡುಗಡೆಗೆ ಅರ್ಹರು. ಮೊದಲ ಬಾರಿಯ ಆರೋಪಿಗಳಿಗೆ ಮೂರನೇ ಒಂದು ಭಾಗ ಸಾಕು. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿದ್ದವರಿಗೆ ಈ ಅನುಕೂಲವಿಲ್ಲ. ಕಾಡಂಚಿನ ಒಬ್ಬನೇ ಮನುಷ್ಯನ ಮೇಲೆ ನಾಲ್ಕು ಸಣ್ಣ ಕೇಸು ಜಡಿದರೆ ಅವನು ಈ ಬಾಗಿಲಿನ ಹೊರಗೇ ಉಳಿಯುತ್ತಾನೆ. ಇದು ಅನ್ಯಾಯ, ಇದರ ತಿದ್ದುಪಡಿಗೆ ಒತ್ತಾಯಿಸಬೇಕು.

9. ಜಾಮೀನು ಸಿಕ್ಕಿಯೂ ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನುದಾರ ಸಿಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. 2023ರ ಜನವರಿ 31ರ ಸುಪ್ರೀಂ ಕೋರ್ಟ್ ನಿರ್ದೇಶನವಿದು.

ನಮ್ಮ ಬೇಡಿಕೆ

ಗಣಿ ಆರೋಪಿಗಳಿಗೆ ದೇಶದ ಅತ್ಯುತ್ತಮ ವಕೀಲರು ಈ ಹಕ್ಕುಗಳನ್ನು ಒಂದೊಂದಾಗಿ ದೊರಕಿಸಿಕೊಟ್ಟಿದ್ದಾರೆ. ದೊರಕಲಿ. ಅವರಿಗೆ ದೊರಕಿದಷ್ಟೂ ಸಿರುಗುಪ್ಪದ ಕೂಲಿಗೆ, ಕುರುಗೋಡಿನ ಕಲ್ಲುಕುಟಿಗನಿಗೆ, ಕುತ್ಲೂರಿನ ಹುಡುಗನಿಗೆ, ಕೇಳುವ ಮೊದಲೇ ದೊರಕಬೇಕು. ಮೇಲಿನವನ ತಟ್ಟೆಯಿಂದ ಅನ್ನ ಕಸಿದರೆ ಕೆಳಗಿನವನ ಹೊಟ್ಟೆ ತುಂಬುವುದಿಲ್ಲ. ಬಡಿಸುವ ಕೈಯನ್ನು ಹಿಡಿದು ಕೇಳಬೇಕು.

ಆದ್ದರಿಂದ ನಮ್ಮ ಒತ್ತಾಯಗಳು ಸ್ಪಷ್ಟವಾಗಿರಲಿ. ಅಕ್ರಮ ಗಣಿ, ಮರಳು, ನಾಟಾ ಮೊಕದ್ದಮೆಗಳಿಗೆ ಕಾಲಮಿತಿಯ ವಿಚಾರಣೆ ಬೇಕು. ಸಾಕ್ಷಿಗಳಿಗೆ ಕಾಗದದ ಮೇಲಲ್ಲದ ರಕ್ಷಣೆ ಬೇಕು. ಚಾಲಕನ ಬೆನ್ನ ಹಿಂದಿನ ಒಡೆಯನವರೆಗೆ ತನಿಖೆ ಹೋಗಬೇಕು. ಪಹಣಿಯಿಲ್ಲದವನಿಗೆ ಸ್ವಂತ ಮುಚ್ಚಳಿಕೆಯ ಜಾಮೀನು ರೂಢಿಯಾಗಬೇಕು. ಬಳ್ಳಾರಿಯೂ ಸೇರಿದಂತೆ ಪ್ರತಿ ಕಾರಾಗೃಹದಲ್ಲಿ, ಜಾಮೀನು ಸಿಕ್ಕಿಯೂ ಒಳಗಿರುವವರ ಸಂಖ್ಯೆಯನ್ನು ತಿಂಗಳಿಗೊಮ್ಮೆ ಪ್ರಕಟಿಸಬೇಕು.

ಕಾನೂನು ಪಾಲಿಸದವರ ವಿರುದ್ಧ ಹೋರಾಡುವವರು ಕಾನೂನನ್ನೇ ಕಾಯಬೇಕಾಗುತ್ತದೆ, ಎದುರಾಳಿಯ ಪಾಲಿನದನ್ನೂ ಸೇರಿಸಿ. ಬರುವ ಗ್ರಾಮಸಭೆಯಲ್ಲಿ ಮೇಲಿನ ಒಂಬತ್ತು ಅಂಶಗಳನ್ನು ಓದು ಬಲ್ಲ ವಿದ್ಯಾರ್ಥಿಯೊಬ್ಬರು ಗಟ್ಟಿಯಾಗಿ ಓದಲಿ. ಓದು ಬಾರದ ಹಿರಿಯರು ಮತ್ತೆ ಮತ್ತೆ ಕೇಳಿ ಬಾಯಿಪಾಠ ಮಾಡಿಕೊಳ್ಳಲಿ. ರೇಂಜ್ ಆಫೀಸಿನ ಜೀಪು ಊರಿಗೆ ಬಂದ ದಿನ ಉಪಯೋಗಕ್ಕೆ ಬರುವುದು ಆ ಬಾಯಿಪಾಠವೇ.